ಹೊಗೆ ಬರ್ತೈತಾ?

ಬೆಳಗಿನ ಜಾವ ಯಾರದೋ ಹಿತ್ತಿಲಿನಿಂದ ಟ್ರ್ಯಾಕ್ಟರಿನ ಸೆಲ್ಫ್ ಎಳೆಯುವ ಸದ್ದು ಕೇಳಿದರೆ ನನಗೆ ಮತ್ತೆ ನಿದ್ದೆ ಹತ್ತುವುದಿಲ್ಲ. ಇಂಜಿನ್ ಹಿಡಿದುಕೊಂಡರೆ ಮಗ್ಗುಲು ಬದಲಿಸಿ ಕಣ್ಣು ಮುಚ್ಚಬಹುದು. ಹಿಡಿಯದೆ, ಒಂದಷ್ಟು ಹೊತ್ತು ಎಳೆದು, ನಿಂತು, ಮತ್ತೆ ಎಳೆದು, ಪ್ರತಿ ಸಲವೂ ಮೊದಲಿಗಿಂತ ಸೋತ ದನಿಯಲ್ಲಿ ನಿಂತುಬಿಟ್ಟರೆ ನನ್ನ ಕೈ ತಾನಾಗಿಯೇ ಟಾರ್ಚಿನ ಕಡೆ ಹೋಗುತ್ತದೆ. ‘ಸಾಕು ಮಾರಾಯ, ಬ್ಯಾಟರಿ ಇಳಿಸಬೇಡ, ಸ್ವಲ್ಪ ಬಿಟ್ಟು ಹೊಡಿ’ ಎಂದು ಅಷ್ಟು ದೂರದಿಂದಲೇ ಕೂಗಿ ಹೇಳಬೇಕು ಅನ್ನಿಸುತ್ತದೆ. ಎದ್ದು ಚಪ್ಪಲಿ ಮೆಟ್ಟಿ ಆ ಹಿತ್ತಿಲಿಗೆ ಹೋಗಿ ನಿಂತರೇನೇ ಸಮಾಧಾನ.

ಅಲ್ಲಿ ಅಷ್ಟರೊಳಗೆ ನಾಲ್ಕು ಜನ ಸೇರಿರುತ್ತಾರೆ. ಹಲ್ಲುಜ್ಜುತ್ತ ಬಂದವನು ಬ್ಯಾಟರಿ ಅನ್ನುತ್ತಾನೆ. ಹಾಲಿನ ಕ್ಯಾನು ಹಿಡಿದವನು ಏರ್ ಹಿಡಿದೈತಿ ಅನ್ನುತ್ತಾನೆ. ಇನ್ನೊಬ್ಬ ನಾಜಲ್ಲಿನ ಮೇಲೆ ಹೊರಿಸುತ್ತಾನೆ. ಕಟ್ಟೆಯ ಮೇಲೆ ಕೂತ ಅಜ್ಜ ಟೋಚನ್ ಹಾಕಿ ಎಳೀರಿ, ಎಲ್ಲಾ ಸರಿ ಹೋಗ್ತೈತಿ ಅನ್ನುತ್ತಾನೆ. ಯಾರೂ ಸುಮ್ಮನೆ ಹೇಳುತ್ತಿರುವುದಿಲ್ಲ. ಒಬ್ಬೊಬ್ಬರ ಹಿಂದೆಯೂ ತಮ್ಮ ಟ್ರ್ಯಾಕ್ಟರ್ ಕೈಕೊಟ್ಟ ಒಂದೊಂದು ಬೆಳಗಿನ ನೆನಪಿದೆ. ಇಂಥ ಗುಂಪಿನಲ್ಲಿ ನಿಲ್ಲುವುದು ನನಗೆ ಇಷ್ಟ. ಊರಿನವರು ಜಗಳವಿಲ್ಲದೆ, ಲಾಭವಿಲ್ಲದೆ, ಒಂದೇ ವಿಷಯದ ಮೇಲೆ ಅಷ್ಟು ಮನಸ್ಸಿಟ್ಟು ಮಾತಾಡುವ ಸಂದರ್ಭಗಳು ಈಗ ಕಡಿಮೆ.

ನಮ್ಮದು ಭದ್ರಾ ನಾಲೆಯ ಕೊನೆ ಭಾಗದ ಊರು. ಲಕ್ಕವಳ್ಳಿಯಲ್ಲಿ ಬಿಟ್ಟ ನೀರು ಮೇಲಿನವರ ಗದ್ದೆಗಳನ್ನೆಲ್ಲ ದಾಟಿ ನಮ್ಮ ತೂಬಿಗೆ ಬರುವಷ್ಟರಲ್ಲಿ ಸಸಿ ಮಡಿ ಎತ್ತರ ಬೆಳೆದುಬಿಟ್ಟಿರುತ್ತದೆ. ನೀರು ಬಂದ ಮೇಲೆ ಗದ್ದೆ ಕೆಸರು ಮಾಡಲು, ನಾಟಿ ಮುಗಿಸಲು ಇರುವುದು ಕೆಲವೇ ದಿನ. ಆ ದಿನಗಳಲ್ಲಿ ಕೇಜ್ ವೀಲ್ ಹಾಕಿಕೊಂಡ ಟ್ರ್ಯಾಕ್ಟರ್ ಬದುವಿನ ಪಕ್ಕ ಸ್ಟಾರ್ಟ್ ಆಗದೆ ನಿಂತರೆ ಆ ಮನೆಯಲ್ಲಿ ಯಾರಿಗೂ ಊಟ ರುಚಿಸುವುದಿಲ್ಲ. ಚಿಕ್ಕಪ್ಪನ ಹಳೆಯ ಕೆಂಪು ಮ್ಯಾಸಿ ನಮ್ಮ ಬಾಲ್ಯದುದ್ದಕ್ಕೂ ಹೀಗೆ ಆಗಾಗ ನಿಂತಿದೆ, ಎದ್ದಿದೆ. ಅದನ್ನು ಎಬ್ಬಿಸಲು ಬರುತ್ತಿದ್ದವರು ಪಕ್ಕದ ಹೋಬಳಿ ಊರಿನ ಒಬ್ಬ ಮಿಸ್ತ್ರಿ. ಎಲ್ಲರೂ ಅವರನ್ನು ಸಾಬ್ರು ಅನ್ನುತ್ತಿದ್ದರು. ಅವರು ಬರುತ್ತಿದ್ದದ್ದು ಟಿವಿಎಸ್ ಮೊಪೆಡ್ಡಿನ ಮೇಲೆ, ಮುಂದೆ ಸ್ಪ್ಯಾನರುಗಳ ಗೋಣಿಚೀಲ ಇಟ್ಟುಕೊಂಡು. ಊರಿಗೆ ಫೋನು ಬಂದ ಮೇಲೆ ಅವರು ಹೊರಡುವ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಗೌಡ್ರೆ, ಸೆಲ್ಫ್ ಹೊಡದಾಗ ಹೊಗೆ ಬರ್ತೈತಾ?”

ಈ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ನಿಧಾನವಾಗಿ. ಅದಕ್ಕೆ ಮೊದಲು ಬೆಂಕಿಯ ವಿಷಯ ಹೇಳಬೇಕು.

ಇಂಜಿನ್ನಿನ ಬೆಂಕಿಯನ್ನು ನಾನು ಮೊದಲು ಕಣ್ಣಾರೆ ಕಂಡದ್ದು ಅಪ್ಪನ ಯೆಜ್ಡಿಯಲ್ಲಿ. 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ ಅದು. ಮಳೆಯಲ್ಲಿ ನೆನೆದು ಬಂದ ಮರುದಿನ ಅಪ್ಪ ಪ್ಲಗ್ ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದಕ್ಕೆ ಕ್ಯಾಪ್ ಸಿಕ್ಕಿಸಿ, ಸಿಲಿಂಡರಿನ ರೆಕ್ಕೆಗಳ ಮೇಲೆ ಮಲಗಿಸಿ ಕಿಕ್ಕರ್ ಹೊಡೆಯುತ್ತಿದ್ದರು. ನಾನು ನೆರಳು ಮಾಡಿಕೊಂಡು ಬಗ್ಗಿ ನೋಡಿ ಹೇಳಬೇಕು. ‘ಚಟ್’ ಎಂದು ನೀಲಿ ಕಿಡಿ ಹಾರಿದರೆ ಕರೆಂಟ್ ಚೆನ್ನಾಗಿದೆ, ತೊಂದರೆ ಪೆಟ್ರೋಲಿನ ಕಡೆಗೆ. ಕಿಡಿ ಹಳದಿಯಾಗಿ ಮಂಕಾಗಿದ್ದರೆ, ಇಲ್ಲವೇ ಹಾರದೇ ಹೋದರೆ, ಮ್ಯಾಗ್ನೆಟ್ ಕವರ್ ಬಿಚ್ಚಿ ಪಾಯಿಂಟ್ ನೋಡಬೇಕು. ಎರಡು ಪಾಯಿಂಟುಗಳು ಮುಟ್ಟುವ ಜಾಗ ಕರಿದಾಗಿ ಗುಳಿಬಿದ್ದಿದ್ದರೆ ಪಾಲಿಶ್ ಪೇಪರಿನ ಸಣ್ಣ ಚೂರು ಮಡಚಿ ನಡುವೆ ಎಳೆಯಬೇಕು. ಆಮೇಲೆ ಆ ಪುಡಿ ಉಳಿಯದಂತೆ ದಪ್ಪ ಕಾಗದದ ತುಂಡೊಂದನ್ನು ಎಳೆಯಬೇಕು. ಅಷ್ಟು ಮಾಡಿದರೂ ಕಿಡಿ ಬಾರದಿದ್ದರೆ ಕಂಡೆನ್ಸರ್. ಬೇರೆ ಏನನ್ನೂ ಮುಟ್ಟುವ ಮೊದಲು ಕಿಡಿ ಇದೆಯೋ ಇಲ್ಲವೋ ನೋಡು, ಅರ್ಧ ದಾರಿ ಅಲ್ಲಿಗೇ ಮುಗಿಯಿತು: ಇದು ಅಪ್ಪನ ಕ್ರಮ.

ಈ ಜ್ಞಾನ ಹೊತ್ತುಕೊಂಡು ಒಂದು ದಿನ ಸಾಬ್ರ ಪಕ್ಕ ನಿಂತು, “ಟ್ರ್ಯಾಕ್ಟರಿನ ಪ್ಲಗ್ ಎಲ್ಲಿರ್ತೈತಿ ಸಾಬ್ರೆ?” ಎಂದು ಕೇಳಿದೆ. ಅವರು ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಪಂಪು ತರಿಸಿದರು. ಪಂಪಿನ ತುದಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿಕೋ, ಜೋರಾಗಿ ಒತ್ತು ಅಂದರು. ನಾಲ್ಕಾರು ಸಲ ಒತ್ತುವಷ್ಟರಲ್ಲಿ ಪಂಪಿನ ಬುಡ ಬೆಚ್ಚಗಾಗಿ, ಆಮೇಲೆ ಕೈಗೆ ಚುರುಕ್ ಅಂದಿತು. “ಇಷ್ಟೇ. ಇದರಾಗ ಪ್ಲಗ್ ಇಲ್ಲ. ಗಾಳೀನ ಹಿಂಡಿ ಹಿಂಡಿ ಕೆಂಡ ಮಾಡ್ತೈತಿ. ಆ ಹೊತ್ತಿಗೆ ಸರಿಯಾಗಿ ಡೀಸೆಲ್ ಚಿಮುಕ್ಸಿದ್ರೆ ತಾನ ಹತ್ಕಂತೈತಿ.”

ಶಾಲೆಯ ಯಾವ ಪಾಠವೂ ನನಗೆ ಅಷ್ಟು ಚೆನ್ನಾಗಿ ಅಂಗೈಗೆ ತಾಗಿದ್ದಿಲ್ಲ. ಡೀಸೆಲ್ ಇಂಜಿನ್ನು ಗಾಳಿಯನ್ನು ಅದರ ಗಾತ್ರದ ಹದಿನಾರು, ಹದಿನೇಳನೇ ಒಂದು ಭಾಗಕ್ಕೆ ಅದುಮುತ್ತದೆ. ಆಗ ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರ್ 1897ರಲ್ಲಿ ಔಗ್ಸ್‌ಬರ್ಗ್‌ನಲ್ಲಿ ಇದನ್ನು ಸರಿಯಾಗಿ ಓಡಿಸಿ ತೋರಿಸಿದ. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೋಗುತ್ತಿದ್ದ ಹಡಗಿನಿಂದ ಆತ ಕಾಣೆಯಾದ. ಅವನ ಸಾವಿನ ಸುದ್ದಿ ಓದಿದಾಗ ನನಗೆ ನಿಜಕ್ಕೂ ಬೇಸರವಾಗಿತ್ತು. ತನ್ನ ಇಂಜಿನ್ನು ಗದ್ದೆಯ ಕೆಸರಿನಲ್ಲಿ, ಹೊಳೆದಂಡೆಯ ಪಂಪ್‌ಸೆಟ್ಟಿನಲ್ಲಿ, ಕಬ್ಬಿನ ಗಾಣದಲ್ಲಿ ದುಡಿಯುವುದನ್ನು ಅವನು ಒಮ್ಮೆ ನೋಡಬೇಕಿತ್ತು.

ಬೆಂಕಿ ಹುಟ್ಟುವುದೇ ಅದುಮಿದ ಗಾಳಿಯ ಬಿಸಿಯಿಂದ ಎಂದು ಗೊತ್ತಾದ ಮೇಲೆ ಹಳೆಯ ಟ್ರ್ಯಾಕ್ಟರಿನ ಎಲ್ಲ ತಕರಾರುಗಳೂ ಬೇರೆ ರೀತಿ ಕಾಣತೊಡಗಿದವು. ಬ್ಯಾಟರಿಯನ್ನೇ ನೋಡಿ. ಕಿಡಿ ಹಾರಿಸುವ ಕೆಲಸ ಅದಕ್ಕಿಲ್ಲ. ಆದರೆ ಅದು ಸೋತಿದ್ದರೆ ಸೆಲ್ಫ್ ನಿಧಾನವಾಗಿ ತಿರುಗುತ್ತದೆ. ಪಿಸ್ಟನ್ ನಿಧಾನವಾಗಿ ಏರುತ್ತದೆ. ಅದುಮಿದ ಗಾಳಿಯ ಬಿಸಿ ತಣ್ಣನೆಯ ಲೈನರಿಗೆ ಇಳಿದುಹೋಗುತ್ತದೆ, ಒಂದಿಷ್ಟು ಗಾಳಿ ರಿಂಗುಗಳ ಸಂದಿನಿಂದ ಜಾರಿಕೊಳ್ಳುತ್ತದೆ. ಡೀಸೆಲ್ ಬಂದು ಬಿದ್ದಾಗ ಅಲ್ಲಿ ಹತ್ತಿಕೊಳ್ಳುವಷ್ಟು ಕಾವೇ ಇರುವುದಿಲ್ಲ. ಚಳಿಗಾಲದ ಬೆಳಿಗ್ಗೆ ಹಠ ಮಾಡಿದ ಟ್ರ್ಯಾಕ್ಟರ್ ಮಧ್ಯಾಹ್ನ ಬಿಸಿಲೇರಿದ ಮೇಲೆ ತಾನಾಗಿಯೇ ಹಿಡಿದುಕೊಳ್ಳುವುದು ಇದೇ ಕಾರಣಕ್ಕೆ. ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯನ್ನು ಕೋಲಿಗೆ ಸುತ್ತಿ ಹಚ್ಚಿ, ಏರ್ ಕ್ಲೀನರಿನ ಬಾಯಿಗೆ ಹಿಡಿಯುವವರನ್ನು ನೀವೂ ನೋಡಿರಬಹುದು. ಬಿಸಿ ಗಾಳಿ ಕುಡಿಸುವ ಉಪಾಯ ಅದು. ಕೆಲಸ ಮಾಡುತ್ತದೆ, ಆದರೆ ಹುಲ್ಲಿನ ಬಣವೆ ಪಕ್ಕದಲ್ಲಿದ್ದಾಗ ಅದನ್ನು ನೋಡಿ ನನಗೆ ಜೀವ ಬಾಯಿಗೆ ಬಂದದ್ದಿದೆ. ದಯವಿಟ್ಟು ಮಾಡಬೇಡಿ.

ಸೆಲ್ಫ್ ಎಳೆಯುತ್ತಿಲ್ಲ ಎಂದ ಕೂಡಲೇ ಹೊಸ ಬ್ಯಾಟರಿ ತರಲು ಓಡುವವರನ್ನು ಕಂಡರೂ ನನಗೆ ಸಂಕಟವಾಗುತ್ತದೆ. ಸಾಬ್ರು ಮೊದಲು ಹೆಡ್‌ಲೈಟ್ ಹಾಕಿಸುತ್ತಿದ್ದರು. ಲೈಟ್ ಉರಿಯುತ್ತಿರುವಾಗಲೇ ಸೆಲ್ಫ್ ಹೊಡೆಸುತ್ತಿದ್ದರು. ಲೈಟು ಕುಗ್ಗಿ ಕೆಂಪಗಾದರೆ ಬ್ಯಾಟರಿಯಲ್ಲಿ ಜೀವವಿಲ್ಲ, ಇಲ್ಲವೇ ದಾರಿಯಲ್ಲಿ ಎಲ್ಲೋ ಅಡ್ಡಿ ಇದೆ. ಲೈಟು ಅಲುಗಾಡದೆ ‘ಟಕ್’ ಎಂಬ ಒಂದೇ ಸದ್ದು ಬಂದರೆ ಸೊಲೆನಾಯ್ಡ್ ಅಥವಾ ಸೆಲ್ಫಿನೊಳಗಿನ ಬ್ರಶ್ಶು. ಆ ಸದ್ದೂ ಇಲ್ಲದಿದ್ದರೆ ಹೈ-ಲೋ ಲಿವರ್ ನಡುವೆ ನಿಂತಿದೆಯೇ ನೋಡಬೇಕು. ಗೇರಿನಲ್ಲಿದ್ದಾಗ ಗಾಡಿ ಮುಂದೆ ನುಗ್ಗದಿರಲಿ ಎಂದು ಅಲ್ಲೊಂದು ಸ್ವಿಚ್ ಇದೆ. ಆಮೇಲೆ ಅವರು ಮಾಡುತ್ತಿದ್ದ ಒಂದು ಕೆಲಸವನ್ನು ನಾನು ಈಗಲೂ ಮಾಡುತ್ತೇನೆ. ಸೆಲ್ಫ್ ಹೊಡೆದು ನಿಲ್ಲಿಸಿದ ತಕ್ಷಣ ಬ್ಯಾಟರಿಯ ಎರಡು ಟರ್ಮಿನಲ್, ಅರ್ಥ್ ಪಟ್ಟಿ ಬಾಡಿಗೆ ಕೂರುವ ಬೋಲ್ಟು, ಸೆಲ್ಫಿನ ದಪ್ಪ ವೈರಿನ ನಟ್ಟು, ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡುವುದು. ಯಾವ ಕೀಲು ಬಿಸಿಯಾಗಿದೆಯೋ ಅಲ್ಲಿ ಕರೆಂಟು ಪಾಡು ಪಡುತ್ತಿದೆ ಎಂದರ್ಥ. ಹೆಚ್ಚಿನ ಸಲ ಅದು ಅರ್ಥ್ ಪಟ್ಟಿಯ ಬುಡ. ತುಕ್ಕು, ಬಣ್ಣ, ಕೆಸರು ಒಂದರ ಮೇಲೊಂದು ಕೂತಿರುತ್ತದೆ. ಬಿಚ್ಚಿ, ಬೆಳ್ಳಗೆ ಹೊಳೆಯುವಂತೆ ಕೆರೆದು, ಬಿಗಿದರೆ ಸತ್ತಿದ್ದ ಸೆಲ್ಫ್ ಎದ್ದು ಕೂರುತ್ತದೆ. ಒಂದು ರೂಪಾಯಿ ಖರ್ಚಿಲ್ಲ.

ಈಗ ಹೊಗೆಗೆ ಬರುತ್ತೇನೆ. ಸೆಲ್ಫ್ ಚೆನ್ನಾಗಿ ಎಳೆಯುತ್ತಿದೆ, ಇಂಜಿನ್ ಹಿಡಿಯುತ್ತಿಲ್ಲ. ಆಗ ಇಂಜಿನ್ನನ್ನು ಬಿಟ್ಟು ಸೈಲೆನ್ಸರಿನ ತುದಿ ನೋಡಬೇಕು. ಅಲ್ಲಿ ಬಿಳಿ ಹೊಗೆ ಬರುತ್ತಿದ್ದರೆ ಅದು ಉರಿಯದೆ ಆವಿಯಾದ ಡೀಸೆಲ್. ಮೂಗು ಸುಡುವಂಥ ವಾಸನೆ. ಡೀಸೆಲ್ ಸಿಲಿಂಡರಿನ ತನಕ ತಲುಪಿದೆ, ಕಾವು ಸಾಲುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬಂದೇ ಇಲ್ಲ. ಸ್ಟಾಪ್ ನಾಬ್ ಎಳೆದದ್ದು ಎಳೆದಂತೆಯೇ ಉಳಿದಿದೆಯೇ, ಟ್ಯಾಂಕಿನ ಕೆಳಗಿನ ನಲ್ಲಿ ತೆರೆದಿದೆಯೇ, ಪೈಪಿನಲ್ಲಿ ಗಾಳಿ ಸೇರಿದೆಯೇ ಎಂದು ಆ ದಾರಿ ಹಿಡಿಯಬೇಕು. ಒಂದು ಪ್ರಶ್ನೆ, ಎರಡು ದಾರಿ. ಯೆಜ್ಡಿಯ ಕಿಡಿಯನ್ನು ಅಪ್ಪ ನೋಡುತ್ತಿದ್ದ ಹಾಗೆ ಸಾಬ್ರು ಹೊಗೆಯನ್ನು ನೋಡುತ್ತಿದ್ದರು. ಹತ್ತು ಮೈಲಿ ದೂರದಲ್ಲಿ ಫೋನು ಹಿಡಿದೇ ಅವರು ಅರ್ಧ ರಿಪೇರಿ ಮುಗಿಸಿರುತ್ತಿದ್ದರು. ಚೀಲದಲ್ಲಿ ಯಾವ ಸ್ಪ್ಯಾನರ್ ಇರಬೇಕು ಎಂಬುದೂ ಅಲ್ಲೇ ತೀರ್ಮಾನವಾಗುತ್ತಿತ್ತು.

ಒಂದು ಬೇಸಿಗೆ ಬೆಳೆಯ ನಾಟಿಯ ಹೊತ್ತು. ನೀರು ಬಂದಿದೆ, ಮೇಲಿನ ಎರಡು ಮಡಿ ಕೆಸರಾಗಿದೆ, ಟ್ರ್ಯಾಕ್ಟರ್ ಗದ್ದೆಯ ನಡುವೆ ನಿಂತಿತು. ಚಿಕ್ಕಪ್ಪ ಕೆಳಗಿಳಿದು ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಪುಟ್ಟ ಲಿವರನ್ನು ಕೈಯಿಂದ ಒತ್ತಿ ಒತ್ತಿ ಗಾಳಿ ತೆಗೆದರು. ನೊರೆನೊರೆಯಾಗಿ ಬಂದ ಡೀಸೆಲ್ ತಿಳಿಯಾದ ಮೇಲೆ ಸ್ಕ್ರೂ ಬಿಗಿದು ಸೆಲ್ಫ್ ಹೊಡೆದರೆ ಹಿಡಿದುಕೊಂಡಿತು. ಒಂದಷ್ಟು ಸುತ್ತು ಹೊಡೆಯುವಷ್ಟರಲ್ಲಿ ದನಿ ಇಳಿಸಿ, ಕೆಮ್ಮಿ, ಮತ್ತೆ ನಿಂತಿತು. ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಬಿಟ್ಟು ಹೊಡೆದರೆ ಏನೂ ಆಗಿಲ್ಲವೆಂಬಂತೆ ಹಿಡಿದುಕೊಂಡಿತು. ಮತ್ತೆ ನಿಂತಿತು. ಬದುವಿನ ಮೇಲೆ ಗುಂಪು ಸೇರಿತು. ಫಿಲ್ಟರ್ ಬದಲಾಯಿಸಿದ್ದಾಯಿತು. ತಾಮ್ರದ ವಾಷರುಗಳನ್ನು ಬದಲಾಯಿಸಿದ್ದಾಯಿತು. ಮೈಕೋ ಪಂಪಿನ ಅಂಗಡಿಗೆ ಪಂಪನ್ನೇ ಬಿಚ್ಚಿ ಒಯ್ಯಿರಿ ಎಂದು ಒಬ್ಬರು ಹೇಳಿದರು. ಹಾಗೆ ಮಾಡಿದ್ದರೆ ಆ ವಾರದ ನಾಟಿ ಅಲ್ಲಿಗೆ ಮುಗಿಯಿತು.

ಸಾಬ್ರು ಕೆಸರಿಗಿಳಿದು ಬಂದವರು ಪಂಪು ಮುಟ್ಟಲಿಲ್ಲ. ಟ್ಯಾಂಕಿನಿಂದ ಫೀಡ್ ಪಂಪಿಗೆ ಬರುವ ಪೈಪನ್ನು ಬಿಚ್ಚಿ, ಕೆಳಗೆ ಒಂದು ಡಬ್ಬಿ ಹಿಡಿದು, ನಲ್ಲಿ ತೆರೆದರು. ಡೀಸೆಲ್ ಕಿರುಬೆರಳ ದಪ್ಪಕ್ಕೆ ಧಾರೆಯಾಗಿ ಸುರಿಯಿತು. ಗುಂಪಿನವರು ಡೀಸೆಲ್ ಬರ್ತೈತಲ್ಲ ಎಂದು ತೀರ್ಪು ಕೊಟ್ಟರು. ಸಾಬ್ರು ಮಾತಾಡದೆ ಡಬ್ಬಿ ಹಿಡಿದೇ ಕೂತಿದ್ದರು. ಧಾರೆ ಮೆಲ್ಲಗೆ ತೆಳುವಾಯಿತು. ದಾರದಷ್ಟಾಯಿತು. ತೊಟ್ಟಿಕ್ಕತೊಡಗಿತು. ನಲ್ಲಿ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆದರು. ಮತ್ತೆ ಕಿರುಬೆರಳ ದಪ್ಪ. ಅವರು ತಲೆ ಎತ್ತಿ, “ಗೌಡ್ರೆ, ಟ್ಯಾಂಕಿನಾಗ ಏನೋ ಈಜಾಡ್ತೈತಿ” ಅಂದರು.

ಟ್ಯಾಂಕು ಖಾಲಿ ಮಾಡಿ ನೋಡಿದರೆ ಹೆಬ್ಬೆರಳಿನ ಉಗುರಿನಷ್ಟು ಪ್ಲಾಸ್ಟಿಕ್ ಚೂರು. ಡೀಸೆಲ್ ತರುವ ಕ್ಯಾನು ಸೋರಬಾರದೆಂದು ಮುಚ್ಚಳದ ಕೆಳಗೆ ಕ್ಯಾರಿಬ್ಯಾಗಿನ ತುಂಡು ಇಟ್ಟು ತಿರುಗಿಸುತ್ತಾರಲ್ಲ, ಅದರ ಹರಿದ ಅಂಚು. ಇಂಜಿನ್ ಓಡುವಾಗ ಡೀಸೆಲ್ಲಿನ ಸೆಳೆತಕ್ಕೆ ಅದು ತೂತಿನ ಕಡೆ ಬಂದು ಬಾಯಿ ಮುಚ್ಚುತ್ತಿತ್ತು. ಇಂಜಿನ್ ನಿಂತು ಸೆಳೆತ ತಪ್ಪಿದಾಗ ಬಿಟ್ಟು ತೇಲುತ್ತಿತ್ತು. ತೂತು ಮುಚ್ಚಿದಾಗ ಫೀಡ್ ಪಂಪು ಬಿಡದೆ ಹೀರಿ, ಎಲ್ಲೋ ಸಡಿಲವಿದ್ದ ಕೀಲಿನಿಂದ ಗಾಳಿ ಎಳೆದುಕೊಳ್ಳುತ್ತಿತ್ತು. ಏರ್ ಹಿಡಿದೈತಿ ಅಂದವನದೂ ತಪ್ಪಲ್ಲ. ಗಾಳಿ ಯಾಕೆ ಹಿಡಿಯಿತು ಎಂದು ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋದವರು ಮಾತ್ರ ಸಾಬ್ರು. ಆ ಧಾರೆ ತೆಳುವಾಗುವ ತನಕ ಕಾದು ಕೂತ ಅವರ ತಾಳ್ಮೆಯನ್ನು ನಾನು ಮರೆತಿಲ್ಲ. ನೀರು ಹರಿದುಹೋಗುತ್ತಿದೆ, ಹೆಣ್ಣಾಳುಗಳು ಸಸಿಯ ಕಟ್ಟು ಹಿಡಿದು ನಿಂತಿದ್ದಾರೆ, ಹತ್ತು ಬಾಯಿಗಳು ಹತ್ತು ಸಲಹೆ ಕೊಡುತ್ತಿವೆ. ಅದರ ನಡುವೆ ಒಬ್ಬ ಮನುಷ್ಯ ಡಬ್ಬಿ ಹಿಡಿದು ಸುಮ್ಮನೆ ನೋಡುತ್ತಿದ್ದಾನೆ. ಇದಕ್ಕಿಂತ ದೊಡ್ಡ ವಿದ್ಯೆಯನ್ನು ನಾನು ಕಾಲೇಜಿನಲ್ಲೂ ಕಾಣಲಿಲ್ಲ.

ಮೈಕೋ ಅಂದೆನಲ್ಲ. 1951ರಲ್ಲಿ ಆರಂಭವಾದ, ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅದು. 2008ರಲ್ಲಿ ಹೆಸರು ಬಾಷ್ ಎಂದಾಯಿತು. ನಮ್ಮ ಕಡೆ ಇಂದಿಗೂ ಡೀಸೆಲ್ ಪಂಪಿನ ಅಂಗಡಿಯೆಂದರೆ ಮೈಕೋ ಅಂಗಡಿಯೇ. ದಾವಣಗೆರೆಯಲ್ಲಿ ಅಂಥ ಒಂದು ಅಂಗಡಿಗೆ ಚಿಕ್ಕಪ್ಪನ ಜೊತೆ ನಾಜಲ್ ಹಿಡಿದು ಹೋದದ್ದಿದೆ. ಗದ್ದಲದ ಗ್ಯಾರೇಜುಗಳ ಸಾಲಿನಲ್ಲಿ ಆ ಒಂದು ಕೋಣೆ ಮಾತ್ರ ಗುಡಿಯ ಗರ್ಭಗುಡಿಯಷ್ಟು ಚೊಕ್ಕ. ಚಪ್ಪಲಿ ಹೊರಗೆ ಬಿಡಬೇಕು. ಕೂದಲೆಳೆಯಷ್ಟು ಕಸವೂ ನಾಜಲ್ಲಿನ ಸೂಜಿಗೆ ಆಗದು. ಹುಡುಗನೊಬ್ಬ ನಾಜಲ್ಲನ್ನು ಟೆಸ್ಟರಿಗೆ ಕೂರಿಸಿ ಹಿಡಿ ಒತ್ತಿದ. ಗಡಿಯಾರದಂಥ ಮೀಟರಿನ ಮುಳ್ಳು 150 ದಾಟಿ ಏರಿತು, ‘ಕಿರ್ರ್’ ಎಂದು ನಡುಗಿ ನಾಜಲ್ಲಿನ ತುದಿಯಿಂದ ಮಂಜು ಹಾರಿತು. ಇನ್ನೊಂದನ್ನು ಕೂರಿಸಿದರೆ ಆ ನಡುಕವಿಲ್ಲ, ಮಂಜಿಲ್ಲ, ತುದಿಯಲ್ಲಿ ಒಂದು ಹನಿ ಕಟ್ಟಿ ಬಿತ್ತು. ಚಿಕ್ಕಪ್ಪ ಆ ಹನಿಯನ್ನೇ ನೋಡುತ್ತ, “ಇದೇ ಕಳ್ಳ” ಅಂದರು. ನಾನು ಮಂಜಿನ ಕಡೆ ಕೈ ಚಾಚಿದ್ದಕ್ಕೆ ಆ ಹುಡುಗ ಚೀರಿದ. ಅಷ್ಟು ಒತ್ತಡದ ಡೀಸೆಲ್ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ.

ಕೆಂಪು ಮ್ಯಾಸಿಯ, ಅಂದರೆ ಮ್ಯಾಸಿ ಫರ್ಗ್ಯುಸನ್ನಿನ, ಮನೆತನ ದೊಡ್ಡದು. ಹ್ಯಾರಿ ಫರ್ಗ್ಯುಸನ್ ಎಂಬ ಐರಿಷ್ ಮನುಷ್ಯನ ಚಿಕ್ಕ ಬೂದು ಟ್ರ್ಯಾಕ್ಟರ್, ಟಿಇ-20, ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ 1946ರಿಂದ 1956ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾಯಿತು. ನಮ್ಮ ನೇಗಿಲು, ಕಲ್ಟಿವೇಟರುಗಳನ್ನು ಎತ್ತಿ ಇಳಿಸುವ ಮೂರು ಕೊಂಡಿಯ ಲಿಫ್ಟು ಅವನದೇ ಕೊಡುಗೆ. ಆ ಟ್ರ್ಯಾಕ್ಟರಿನಲ್ಲಿ ಗೇರ್ ಲಿವರನ್ನೇ ನ್ಯೂಟ್ರಲ್‌ನಿಂದ ‘ಎಸ್’ ಎಂಬ ಗುರುತಿಗೆ ತಳ್ಳಿದರೆ ಸೆಲ್ಫ್ ತಿರುಗುತ್ತಿತ್ತು. ಗೇರಿನಲ್ಲಿಟ್ಟು ಸ್ಟಾರ್ಟ್ ಮಾಡುವ ಅಪಾಯವೇ ಉಳಿಯದಂತೆ ಅಷ್ಟು ಸರಳವಾಗಿ ಯೋಚಿಸಿದ ಆ ತಲೆಗೆ ಕೈಮುಗಿಯಬೇಕು. ಎಡ್ಮಂಡ್ ಹಿಲರಿ ಎವರೆಸ್ಟ್ ಹತ್ತಿದ ಮೇಲೆ ಇಂಥದೇ ಫರ್ಗ್ಯುಸನ್ ಟ್ರ್ಯಾಕ್ಟರುಗಳಿಗೆ ಪಟ್ಟಿ ಚಕ್ರ ಕಟ್ಟಿಸಿ, 1958ರ ಜನವರಿ 4ರಂದು ದಕ್ಷಿಣ ಧ್ರುವ ತಲುಪಿದ. ಮಾಗಿಯ ಬೆಳಿಗ್ಗೆ ನಮ್ಮ ಟ್ರ್ಯಾಕ್ಟರ್ ಹಠ ಹಿಡಿದಾಗ ನಾನು ಈ ಕಥೆ ಹೇಳಿದರೆ ಚಿಕ್ಕಪ್ಪನಿಗೆ ಖುಷಿ. “ಹಂಗಾರೆ ಇದ್ಕೂ ಒಂದು ಕಂಬಳಿ ಹೊದ್ಸಾಣ” ಎಂದು ರಾತ್ರಿ ಬಾನೆಟ್ಟಿನ ಮೇಲೆ ನಿಜವಾಗಿಯೂ ಹಳೆಯ ಕಂಬಳಿ ಹೊದಿಸಿದರು.

ಈಗ ದೊಡ್ಡ ಟ್ರ್ಯಾಕ್ಟರುಗಳ ಕಾಲ. 2023ರ ಜನವರಿಯಿಂದ 50 ಎಚ್‌ಪಿ ಮೀರಿದವುಗಳಿಗೆ ಹೊಗೆಯ ಹೊಸ ನಿಯಮ ಬಂದು, ಅವುಗಳ ಡೀಸೆಲ್ ವ್ಯವಸ್ಥೆಗೆ ಕಂಪ್ಯೂಟರ್ ಸೇರಿಕೊಂಡಿದೆ. ಹೊಗೆ ಕಡಿಮೆಯಾಗುವುದು ಒಳ್ಳೆಯದೇ. ನಾಟಿ ಮಾಡುವ ಹೆಂಗಸರು ಆ ಹೊಗೆಯನ್ನು ಎಷ್ಟು ವರ್ಷ ಉಸಿರಾಡಿದ್ದಾರೆ! ಆದರೆ ಗದ್ದೆಯ ನಡುವೆ ಅಂಥದೊಂದು ನಿಂತಾಗ ಬದುವಿನ ಮೇಲಿನ ಗುಂಪಿಗೆ ಹೇಳಲು ಏನೂ ಇರುವುದಿಲ್ಲ. ಶೋರೂಮಿನ ಹುಡುಗ ಸ್ಕ್ಯಾನರ್ ತರುವ ತನಕ ಎಲ್ಲರೂ ಡ್ಯಾಶ್‌ಬೋರ್ಡಿನಲ್ಲಿ ಮಿನುಗುವ ದೀಪ ನೋಡುತ್ತ ನಿಲ್ಲಬೇಕು. ಟ್ಯಾಂಕಿನಿಂದ ನಾಜಲ್ಲಿನ ತನಕ ಒಂದೊಂದು ಪೈಪೂ ಕಣ್ಣಿಗೆ ಕಾಣುವ, ಒಂದು ಸ್ಪ್ಯಾನರಿಗೆ ಬಿಚ್ಚಿಕೊಳ್ಳುವ ಹಳೆಯ ಇಂಜಿನ್ನಿನ ಮೇಲೆ ನನಗಿರುವ ಪ್ರೀತಿಗೆ ಕಾರಣ ಇದೇ: ಅದು ಮುಚ್ಚಿಡುವುದಿಲ್ಲ.

ಹಾಗೆಂದು ಅದಕ್ಕೆ ವಯಸ್ಸಾಗುವುದು ತಪ್ಪುವುದಿಲ್ಲ. ಈಚೆಗೆ ಚಿಕ್ಕಪ್ಪನ ಟ್ರ್ಯಾಕ್ಟರ್ ಬೆಳಿಗ್ಗೆ ಬಹಳ ಹೊತ್ತು ಬಿಳಿ ಹೊಗೆ ಉಗುಳಿ ಆಮೇಲೆ ಹಿಡಿಯುತ್ತದೆ. ಬ್ಯಾಟರಿ ಹೊಸದು, ನಾಜಲ್ಲುಗಳು ಚೊಕ್ಕವಾಗಿವೆ, ಡೀಸೆಲ್ ಧಾರೆ ತುಂಬಿ ಬರುತ್ತಿದೆ. ಸಾಬ್ರಿಗೆ ಈಗ ಮಂಡಿ ನೋವು. ಮಗ ಬೈಕಿನಲ್ಲಿ ಕೂರಿಸಿಕೊಂಡು ಬಂದ. ಅವರು ಕುರ್ಚಿಯಲ್ಲಿ ಕೂತೇ ಹೇಳಿದರು, ಮಗ ಮಾಡಿದ. ಗಾಳಿ ಒಳಹೋಗುವ ದಾರಿಯಲ್ಲಿ ಸ್ವಲ್ಪವೇ ಇಂಜಿನ್ ಆಯಿಲ್ ಬಿಟ್ಟು ಸೆಲ್ಫ್ ಹೊಡೆಸಿದರು. ತಕ್ಷಣ ಹಿಡಿದುಕೊಂಡಿತು. ನಾನು ಖುಷಿಯಿಂದ ತಿರುಗಿ ನೋಡಿದರೆ ಇಬ್ಬರು ಹಿರಿಯರ ಮುಖವೂ ಇಳಿದಿತ್ತು. ಸವೆದ ರಿಂಗು, ಲೈನರುಗಳ ಸಂದನ್ನು ಆ ಆಯಿಲ್ ತುಂಬಿದ್ದರಿಂದಲೇ ಗಾಳಿ ಬಿಸಿಯಾಗಿತ್ತು. ಕಾರಣ ಸಿಕ್ಕಂತಾಯಿತು, ಸಿಗಬಾರದಾಗಿದ್ದ ಕಾರಣ.

ಗುಜರಿಯವನು ಕೊಡುವ ಬೆಲೆಯ ಮಾತು ಬಂತು, ಹೊಸ ಟ್ರ್ಯಾಕ್ಟರಿನ ಸಾಲದ ಮಾತು ಬಂತು. ಚಿಕ್ಕಪ್ಪ ಎರಡಕ್ಕೂ ಉತ್ತರ ಕೊಡದೆ, ಲೈನರ್ ಕಿಟ್ಟಿನ ರೇಟು ಕೇಳಿದರು. ಸಾಬ್ರ ಮಗ ಫೋನಿನಲ್ಲಿ ನೋಡಿ ಹೇಳಿದ. “ಈ ಭತ್ತ ಒಂದು ಕೊಯ್ಲಿ ಗೌಡ್ರೆ, ಇಂಜಿನ್ ಇಳಿಸಿಬಿಡಾಣ. ನಾನು ಕುಂತು ಹೇಳ್ತೀನಿ, ಇವ ಬಿಚ್ಚಲಿ” ಅಂದರು ಸಾಬ್ರು. ಅವರ ಬೈಕು ಇನ್ನೂ ಓಣಿಯ ತಿರುವು ದಾಟಿರಲಿಲ್ಲ, ಚಿಕ್ಕಪ್ಪ ನನ್ನನ್ನು ಕರೆದು ದನದ ಕೊಟ್ಟಿಗೆಯ ಆಚೆ ಮೂಲೆಯಲ್ಲಿದ್ದ ಹಳೆಯ ಗಾಡಿ ಚಕ್ರಗಳನ್ನು ಹೊರಗೆ ಸಾಗಿಸಲು ಹೇಳಿದರು. ಬಿಚ್ಚಿದ ಇಂಜಿನ್ನಿನ ಮೇಲೆ ದೂಳು ಬೀಳಬಾರದಲ್ಲ, ಮೇಲೆ ಕಟ್ಟಲು ಟಾರ್ಪಾಲು ಎಷ್ಟು ಮೊಳ ಬೇಕು ಎಂದು ತೋಳು ಚಾಚಿ ಅಳೆಯುತ್ತಿದ್ದರು.